ಸತ್ತ ದೊರೆಯ ಪಾದ ಕಂಡ ಕಾಲ್ಮಣೆ

ನಾನು ಒಂದು ಕಾಲ್ಮಣೆ. ಗಿಡುಗನಕೋಟೆಯ ದೊರೆಗಳು ಗದ್ದುಗೆಯಲ್ಲಿ ಕುಳಿತಾಗ ಪಾದ ಇಡುತ್ತಿದ್ದುದು ನನ್ನ ಮೇಲೆ. ಹೊನ್ನೆ ಮರವೊಂದನ್ನು ಕೊಯ್ದು ಬಡಗಿ ಈರಾಚಾರಿ ಗದ್ದುಗೆಯನ್ನೂ ನನ್ನನ್ನೂ ಮಾಡಿದ. ಒಳ್ಳೆಯ ಹಲಗೆಯೆಲ್ಲ ಗದ್ದುಗೆಗೆ ಹೋಯಿತು, ಉಳಿದ ತುಂಡು ನಾನಾದೆ. ಬೇಸರವಿಲ್ಲ. ಮುಖ ನೋಡಿ ನಾನು ಯಾರನ್ನೂ ನಂಬುವುದಿಲ್ಲ. ಮೇಲೆ ನಗುತ್ತಿರುವವರ ಕಾಲ್ಬೆರಳು ಕೆಳಗೆ ಹೆದರಿ ಮುದುರಿರುವುದನ್ನು ಎಷ್ಟು ಸಲ ಕಂಡಿಲ್ಲ!

ಬೊಮ್ಮಣ್ಣ ನಾಯಕ ನನ್ನ ಎರಡನೆಯ ಒಡೆಯ. ಕುಳಿತೊಡನೆ ಹಿಮ್ಮಡಿಯಿಂದ ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ಅವನ ಎಡಪಾದದ ಮೇಲೆ ಹುಲಿ ಪರಚಿದ ಗುರುತಿತ್ತು. ವರ್ಷ ವರ್ಷವೂ ಹೊಳೆಯಾಚೆಯವರ ಮೇಲೆ ಯುದ್ಧಕ್ಕೆ ಹೊರಡುತ್ತಿದ್ದ. ಹೋದ ಹುಡುಗರಲ್ಲಿ ಅರ್ಧದಷ್ಟು ಮಂದಿ ಹಿಂದಿರುಗುತ್ತಿರಲಿಲ್ಲ. ಕೊನೆಗೆ ಅವನೇ ಈಟಿಗೆ ಬಲಿಯಾದ. ಹೆಣವನ್ನು ನನ್ನೆದುರೇ ಮಲಗಿಸಿದರು. ಅವನ ಹೆಂಡತಿ ಗಿರಿಯವ್ವ ನಾಗತಿ ತಾನೇ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ನೂಲು ಬಿಗಿದಳು. ಗುಡ್ಡದ ಬುಡದಲ್ಲಿ ಮಣ್ಣು ಮಾಡಿ ಬಂದರು.

ಮಗಳು ಹೊನ್ನಾಜಿ ಗದ್ದುಗೆ ಏರಿದಳು. ಹೊಳೆಯಾಚೆಯವರ ಜೊತೆ ರಾಜಿಯಾದಳು. ಆ ವರ್ಷ ಕೋಟೆಯಲ್ಲಿ ಬರೀ ಮದುವೆಯ ಓಲಗ. ನನಗೂ ಹಿತವಾಗಿತ್ತು.

ಅಷ್ಟರಲ್ಲಿ ಊರೆಲ್ಲ ಗುಲ್ಲೆದ್ದಿತು. ಸತ್ತ ದೊರೆ ಯಮಲೋಕದಿಂದ ಎದ್ದು ಬಂದಿದ್ದಾನಂತೆ! ಕೈಹಿಡಿದು ಕರೆತಂದವನು ದಳವಾಯಿ ಕೆಂಚಣ್ಣ. ಯುದ್ಧ ನಿಂತ ಮೇಲೆ ಅವನನ್ನು ಮೂಸಿ ನೋಡುವವರಿರಲಿಲ್ಲ. ನನಗೆ ಅಲ್ಲೇ ಅನುಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ.

"ದೆವ್ವ ಆದ್ರೆ ಪಾದ ಹಿಂದುಮುಂದಾಗಿರ್ತೈತೆ, ನೋಡ್ರಪ್ಪೋ!" ಬಾಗಿಲಲ್ಲಿ ಮುದುಕಿಯೊಬ್ಬಳು ಕೂಗಿದಳು.

ಬಂದವನು ಕುಳಿತ. ಪಾದ ನೆಟ್ಟಗೇ ಇತ್ತು. ಹಿಮ್ಮಡಿಯಿಂದ ನನ್ನನ್ನು ಎಳೆದುಕೊಂಡ. ದಳವಾಯಿ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಹುಲಿಯ ಗುರುತೂ ಇತ್ತು. ಚಾಕುವಿನಿಂದ ಗೀರಿ ಮಾಡಿರಬಹುದಲ್ಲ? ನಾನು ಸುಲಭಕ್ಕೆ ಒಪ್ಪುವ ಪೈಕಿಯಲ್ಲ.

"ಗಂಡನ ಕಾಲು ಹೆಂಡ್ತಿಗೆ ಗೊತ್ತಿರಲ್ವಾ? ನಾಗತಿಯೋರೇ ತೊಳೆದು ನೋಡ್ಲಿ. ಅವ್ರು ಹೌದಂದ್ರೆ ಹೌದು, ಅಲ್ಲಂದ್ರೆ ಅಲ್ಲ," ಎಂದ ದಳವಾಯಿ. ಸಭೆ ಒಪ್ಪಿತು. ಹೌದೆಂದರೆ ಹೊನ್ನಾಜಿ ಗದ್ದುಗೆ ಬಿಡಬೇಕಿತ್ತು.

ನಾಗತಿ ತಂಬಿಗೆ ತಂದು ನೀರು ಹೊಯ್ದಳು. ಧೂಳು ಹರಿದುಹೋದ ಮೇಲೆ ಎರಡೂ ಹೆಬ್ಬೆರಳ ಸುತ್ತ ನೂಲು ಕಚ್ಚಿದ ಸಣ್ಣ ಗೆರೆ ಕಾಣಿಸಿತು. ಯಾವ ವೇಷಗಾರನಿಗೆ ಇದು ಹೊಳೆದೀತು? ನನ್ನ ಅನುಮಾನ ಅಲ್ಲಿಗೆ ಸತ್ತಿತು. ನಾಗತಿಯ ಬೆರಳು ಆ ಗೆರೆಯ ಮೇಲೆ ನಿಂತುಬಿಟ್ಟಿತು. ತಂಬಿಗೆಯ ನೀರು ತಣ್ಣಗಿತ್ತು, ಆಗ ನನ್ನ ಮೇಲೆ ಬಿದ್ದ ಹನಿ ಬಿಸಿಯಾಗಿತ್ತು.

"ಗಿರೀ," ಎಂದ ಅವನು ಮೆಲ್ಲಗೆ. ಆಮೇಲೆ ಸಭೆಯತ್ತ ತಿರುಗಿ, "ನಾಳೇನೇ ನಗಾರಿ ಹೊಡೀರಿ. ಮೀಸೆ ಬಂದೋರೆಲ್ಲ ಹೊಳೆ ದಾಟ್ಬೇಕು. ನನ್ನ ಕೊಂದೋರ್ನ ಸುಮ್ನೆ ಬಿಡಾಕಿಲ್ಲ," ಎಂದ.

ನಾಗತಿ ಪಾದವನ್ನು ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ಕುಳಿತಳು. ಸೆರಗಿನಿಂದ ಒರೆಸಿ ನನ್ನ ಮೇಲಿಟ್ಟು ಎದ್ದಳು.

"ಇವ್ರು ನಮ್ಮೋರಲ್ಲ. ಯಾರೋ ದಾರಿಹೋಕ. ಉಣ್ಣಾಕಿಕ್ಕಿ ಕಳಿಸ್ರಿ."

ಅವನು ಎದ್ದ. ಉಣ್ಣದೆಯೇ ಹೊರಟುಹೋದ.

ಈಗ ನನಗೆ ವಯಸ್ಸಾಗಿದೆ, ಒಂದು ಕಾಲಿಗೆ ಹುಳು ಹಿಡಿದಿದೆ. ಅವನು ಹೋದ ಮರುದಿನವೇ ನಾಗತಿ ನನ್ನನ್ನು ದೇವರ ಕೋಣೆಯ ಮೂಲೆಗೆ ತಂದಿರಿಸಿದ್ದಾಳೆ. ಸತ್ತ ದೊರೆ ಹಿಂದಿರುಗಬಲ್ಲನೇ ಎಂದು ಊರಿನ ಮಕ್ಕಳು ಇಂದಿಗೂ ಕೇಳುತ್ತಾರೆ, ದೊಡ್ಡವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನನಗೆ ಕಂಡದ್ದು ಅವಳಿಗೂ ಕಂಡಿತೋ, ಅಥವಾ ಅವಳು ನಿಜವಾಗಿಯೂ ಗುರುತಿಸಲಿಲ್ಲವೋ ಎಂದು ಬಹಳ ದಿನ ಅವಳನ್ನೇ ಸಂಶಯದಿಂದ ನೋಡುತ್ತಿದ್ದೆ.

ಆ ವರ್ಷವೇ ಹಿರಿಯರ ಹಬ್ಬ ಬಂತು. ನಾಗತಿ ಅತ್ತೆಗೆ ಎಡೆ ಇಟ್ಟಳು, ಮಾವನಿಗೆ ಇಟ್ಟಳು. ಹಿಂದಿನ ವರ್ಷ ಗಂಡನಿಗೂ ಇಟ್ಟು ಅತ್ತಿದ್ದವಳು ಈ ಸಲ ಅಷ್ಟಕ್ಕೇ ಕೈ ತೊಳೆದಳು.

"ಅಪ್ಪನ ಎಡೆ ಎಲ್ಲವ್ವಾ?" ಎಂದಳು ಹೊನ್ನಾಜಿ.

"ಇವತ್ತು ಎಲ್ಲಿ ಉಂಡ್ರೋ ಏನೋ, ಮಗಾ," ಎಂದಳು ನಾಗತಿ.