ಇಂಗರ್‌ಳ ಕೊನೆಯ ಲೋಟ

"ಇಂಗರ್‌ಳ ಗಾಜಿನ ಕುಲುಮೆ ವಹಿಸ್ಕೊಳ್ಳೋಕೆ ಒಪ್ಕೊಂಡ್ಬಿಡು ಖಲೀದಾ. ಇಲ್ದಿದ್ರೆ ಇಷ್ಟು ವರ್ಷ ಕಲ್ತಿದ್ದೆಲ್ಲ ವೇಸ್ಟ್ ಆಗತ್ತೆ," ಎಂದ ಗಂಡ ಫಜಲುಲ್ಲಾ, ಹೆದ್ದಾರಿಯಿಂದ ಎಕ್ಸಿಟ್‌ಗೆ ಕಾರು ತಿರುಗಿಸುತ್ತ.

"ರೀ, ತಲೆ ಬಾಚ್ಕೊಳ್ಳೋಕೆ ಕೈ ಮೇಲೆ ಬರಲ್ಲ ನಂಗೆ. ಕುಲುಮೆ ನಡೆಸೋದು ಹೇಗೆ?"

ಭುಜದ ನೋವಿನಿಂದ ಅವಳು ಡ್ರೈವ್ ಮಾಡುವುದನ್ನೇ ಬಿಟ್ಟಿದ್ದಳು.

ಅಮೆರಿಕದ ಆಬರ್ನ್ ಹಿಲ್ಸ್‌ನ ಆ ಗಾಜು ಊದುವ ಶೆಡ್ಡು ಡೆನ್ಮಾರ್ಕಿನ ಮುದುಕಿ ಇಂಗರ್‌ಳದು. ಅವಳ ಅಜ್ಜ, ಅಪ್ಪ ಇಬ್ಬರೂ ಜೌಗು ನೆಲದ ಪಕ್ಕದ ಒಂದು ಹಳೆಯ ಗಾಜಿನ ಕಾರ್ಖಾನೆಯಲ್ಲಿ ದುಡಿದವರು. ಅಜ್ಜನ ಕಾಲಕ್ಕೆ ಗಿಡಗಂಟಿ ಕೊಳೆತು ಆದ ಜೌಗಿನ ಮಣ್ಣನ್ನೇ ಇಟ್ಟಿಗೆಯಂತೆ ಕಡಿದು, ಒಣಗಿಸಿ, ಕುಲುಮೆಯಲ್ಲಿ ಉರಿಸುತ್ತಿದ್ದರಂತೆ. ಇಂಗರ್ ಅಲ್ಲೇ ಊದುವುದನ್ನು ಕಲಿತಳು. ಕಾರ್ಖಾನೆ ಮುಚ್ಚಿದಾಗ ಊದುಕೊಳವೆಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆಯೆಂದು ಇಂಗರ್‌ಳ ಕ್ಲಾಸಿಗೆ ಸೇರಿದ ಖಲೀದಾ, ಅವಳ ಜೊತೆಗೇ ಕೆಲಸಕ್ಕೆ ಉಳಿದುಬಿಟ್ಟಿದ್ದಳು.

ಈಗ ಇಂಗರ್‌ಗೆ ಉಸಿರೇ ಸಾಲದು. ತಾನು ಕುಲುಮೆ ಬಿಡುವ ಮೊದಲು ತನ್ನೂರಿನ ರೀತಿಯ, ಉದ್ದ ಕಾಲಿನ ಒಂದು ಲೋಟ ಆಗಬೇಕೆಂದು ಹಟ ಹಿಡಿದಿದ್ದಳು. ಕಾಲನ್ನು ಬೇರೆ ಮಾಡಿ ಅಂಟಿಸುವಂತಿಲ್ಲ. ಬಟ್ಟಲಿನ ತಳದಿಂದಲೇ ಎಳೆಯಬೇಕು.

ಖಲೀದಾ ಕೊಳವೆಯ ತುದಿಗೆ ಕರಗಿದ ಗಾಜು ಸುತ್ತಿಕೊಂಡಳು.

"ತಿರುಗಿಸು, ನಿಲ್ಲಿಸಬೇಡ!" ಸ್ಟೂಲಿನ ಮೇಲಿಂದ ಇಂಗರ್ ಕೂಗಿದಳು.

ನಿಲ್ಲಿಸಿದರೆ ಗಾಜು ಜೇನಿನಂತೆ ಜೋತುಬೀಳುತ್ತದೆ. ಖಲೀದಾ ಊದಿದಳು. ಇಂಗರ್‌ಳ ಕೆನ್ನೆಗಳೂ ಅವಳಿಗೆ ಅರಿವಿಲ್ಲದೆ ಉಬ್ಬಿದವು. ಕಾಲು ಎಳೆಯುವಾಗ ಭುಜ ಚಳಕ್ಕೆಂದಿತು. ಲೋಟ ತುಂಡಾಗಿ ನೆಲಕ್ಕೆ ಬಿತ್ತು.

"ಇನ್ನೊಂದ್ಸಲ," ಎಂದಳು ಇಂಗರ್. ಖಲೀದಾ ಭುಜ ನೀವಿಕೊಂಡಳು. ಮತ್ತೆ ಕೊಳವೆ ಎತ್ತಿಕೊಂಡಳು.

ಎರಡನೆಯದು ನಿಂತಿತು, ಕಾಲು ಮಾತ್ರ ತುಸು ವಾರೆ.

"ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಮೇಸ್ತ್ರಿ ಇದನ್ನು ಒಡೆದುಹಾಕುತ್ತಿದ್ದ."

"ಒಡೆದುಬಿಡ್ಲಾ?"

"ಬೇಡ. ಇರಲಿ." ಇಂಗರ್ ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡಳು. "ನೀನು ನಡೆಸಿಕೊಂಡು ಹೋಗ್ತೀಯ ಅಂದ್ಕೊಂಡಿದ್ದೆ."

"ನನ್ ಕೈಲಿ ಆಗಲ್ಲ, ಇಂಗರ್. ಸುಸ್ತಾಗಿದೀನಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ನನ್ನಪ್ಪ ಈ ಮಾತು ಹೇಳಲಾರದೆ ಕುಲುಮೆಯ ಮುಂದೆಯೇ ಸತ್ತ," ಎಂದಳು. "ಕುಲುಮೆ ಆರಿಸು."

ಖಲೀದಾ ಲೋಟವನ್ನು, ಬಿಸಿ ಗಾಜನ್ನು ನಿಧಾನಕ್ಕೆ ತಣಿಸುವ ಗೂಡಿನಲ್ಲಿಟ್ಟು, ಗ್ಯಾಸಿನ ತಿರುಪು ತಿರುಗಿಸಿದಳು. ವರ್ಷಾನುಗಟ್ಟಲೆ ಕಿವಿಗೆ ಅಭ್ಯಾಸವಾಗಿದ್ದ ಭೋರ್ಗರೆತ ನಿಂತಿತು. ಹೊರಗೆ ರಸ್ತೆಯಲ್ಲಿ ಕಾರುಗಳ ಸದ್ದು ಮೊದಲ ಬಾರಿಗೆ ಒಳಗೆ ಕೇಳಿಸಿತು. ಇಬ್ಬರೂ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಯಾರಿಗೂ ಏಳುವ ಮನಸ್ಸಾಗಲಿಲ್ಲ.