ಚೀಟಿ ಇಲ್ಲದ ವಾಹನ

ನನ್ನ ತಮ್ಮ ತೀರಿಕೊಂಡ ಸುದ್ದಿ ತಿಳಿದದ್ದು ಸೋಮವಾರ ಮಧ್ಯಾಹ್ನ, ನಾನು ಪ್ರಾರ್ಥನೆ ಮುಗಿಸಿ ಊಟಕ್ಕೆ ಕುಳಿತಿದ್ದಾಗ. ಫೋನ್ ಮಾಡಿದವನು ಅವನ ಹೆಂಡತಿಯ ತಮ್ಮ. ನಾವೆಲ್ಲ ಅವನನ್ನು ಕರೆಯುವುದು ಬೆಣ್ಣೆ ಎಂದೇ. ವಯಸ್ಸು ನಲವತ್ತು ದಾಟಿದ್ದರೂ, ಎದುರಿಗಿದ್ದವರು ಮುಖ ಸಪ್ಪೆ ಮಾಡಿಕೊಂಡರೆ ಸಾಕು, ಕರಗಿಬಿಡುವ ಆಸಾಮಿ. ನಾನು ಹಲೋ ಎಂದೊಡನೆ, ತಾವು ಯಾರು, ನಮ್ಮ ಕಾರ್ಖಾನೆಯ ಸಿಬ್ಬಂದಿಗೂ ತಮಗೂ ಏನು ಸಂಬಂಧ ಎಂದು ಕೇಳಿದ. ಫೋನ್ ಮಾಡಿದ್ದು ನೀನೇ ಅಲ್ಲವೇನಯ್ಯ ಎಂದೆ.

"ದೊಡ್ಡ ಭಾವ, ಸಂಬಂಧ ಕೇಳದೆ ಯಾರಿಗೂ ಏನೂ ಹೇಳಬಾರದು ಅಂತ ಭಾವನೇ ಕಲಿಸಿದ್ದು," ಎಂದ. "ಭಾವ ಹೋಗ್ಬಿಟ್ರು."

ದೇವರು ಕ್ಷಮಿಸಲಿ, ಅಳುವ ಮೊದಲು ನನಗೆ ನಗು ಬಂತು.

ತಮ್ಮ ಔಷಧಿ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಸೆಕ್ಯೂರಿಟಿಯಾಗಿದ್ದ. ಒಮ್ಮೆ ಅವನು ಮರೆತು ಹೋಗಿದ್ದ ಕನ್ನಡಕ ಕೊಡಲು ನಾನು ಹೋದೆ. ಯಾರನ್ನು ಕಾಣಬೇಕು ಎಂದು ಕೇಳಿದ. ನಿನ್ನನ್ನೇ ಎಂದೆ. ರಿಜಿಸ್ಟರಿನಲ್ಲಿ ನನ್ನ ಹೆಸರನ್ನೂ, ಕಾಣಬೇಕಾದವರ ಜಾಗದಲ್ಲಿ ತನ್ನ ಹೆಸರನ್ನೇ ಬರೆದುಕೊಂಡು, ಆಫೀಸಿಗೆ ಹೇಳಿಕಳಿಸಿ, ಅಲ್ಲಿಂದ ಅನುಮತಿ ಚೀಟಿ ಬಂದ ಮೇಲಷ್ಟೇ ಕನ್ನಡಕ ತೆಗೆದುಕೊಂಡ. ಅದನ್ನು ಹಾಕಿಕೊಂಡು ಬರೆದದ್ದನ್ನು ಓದಿ, ನನ್ನ ಹೆಸರು ತಪ್ಪಾಗಿದೆ ಎಂದು ತಿದ್ದಿದ. ಅಷ್ಟು ಹೊತ್ತೂ ನನ್ನನ್ನು ನೆರಳಿನಲ್ಲಿ ನಿಲ್ಲಿಸಿ, ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸಿದ್ದ. ಸಿಟ್ಟು ಮಾಡಿಕೊಳ್ಳಲು ನನಗೆ ಸಂದೇ ಸಿಗಲಿಲ್ಲ.

ಅವನ ನಿವೃತ್ತಿಗೆ ಎರಡು ತಿಂಗಳಿತ್ತು. ತನ್ನ ಜಾಗಕ್ಕೆ ಬೆಣ್ಣೆ ಬರಬೇಕೆಂಬುದು ಅವನ ಆಸೆ. ಹೇಗೆ ಮಾಡುತ್ತಾನೆ ನೋಡೋಣವೆಂದು ತಾತ್ಕಾಲಿಕವಾಗಿ ಸೇರಿಸಿಕೊಂಡೂ ಆಗಿತ್ತು. ಬೆಣ್ಣೆ ಪಾಠವೆಲ್ಲ ಬಾಯಿಪಾಠ ಮಾಡಿದ. ಆದರೆ ಎದುರಿಗೊಂದು ಜೀವ ಬಂದು ನಿಂತರೆ ಗೇಟಿನ ಅಡ್ಡಕಂಬ ತಾನಾಗಿ ಮೇಲೇಳುತ್ತಿತ್ತು. ಮಿಕ್ಸಿ ಮಾರುವವನು ನೇರವಾಗಿ ಮ್ಯಾನೇಜರ ಮೇಜಿನವರೆಗೆ ಹೋಗಿ ಮಿಕ್ಸಿ ತಿರುಗಿಸಿ ತೋರಿಸಿದ. ಯಾಕಯ್ಯ ಬಿಟ್ಟೆ ಎಂದರೆ, ಪಾಪ, ಭಾರ ಹೊತ್ತುಕೊಂಡಿದ್ದ ಎಂದ. ಇನ್ನೊಂದು ದಿನ ಒಂದು ಹಸುವೂ ಒಳಗೆ ಹೋಯಿತು. ಅದಕ್ಕೂ ಪಾಪವೇ.

ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ತಿಂಗಳ ಕೊನೆಯೊಳಗೆ ಈತ ಒಬ್ಬರನ್ನಾದರೂ ತಡೆದು ತೋರಿಸಬೇಕು, ಇಲ್ಲವಾದರೆ ಬೇರೆಯವರು ಬರುತ್ತಾರೆ. ಹಿಂದಿನ ಭಾನುವಾರ ತಮ್ಮ ನನ್ನ ಬಳಿ ಬಂದು ಅದನ್ನೇ ಹೇಳಿಕೊಂಡು ಕೊರಗಿದ. ಬೆಣ್ಣೆಗೆ ನಾಲ್ಕು ಜನರ ಸಂಸಾರ, ಬೇರೆ ಎಲ್ಲಿಯೂ ಕೆಲಸ ನಿಂತಿರಲಿಲ್ಲ.

"ಒಳ್ಳೇ ಸೆಕ್ಯೂರಿಟಿಗೆ ಮೀಸೆ ಬೇಡ ಅಣ್ಣ, ಗದರೋ ಗಂಟಲೂ ಬೇಡ," ಎಂದಿದ್ದ. "ಆಗಲ್ಲ ಅಂದಾಗ ಎದುರಿನವರಿಗೆ ಅವಮಾನ ಆಗಬಾರದು, ಅಷ್ಟೇ. ಇವನಿಗೆ ಅರ್ಧ ಬರುತ್ತೆ. ಆಗಲ್ಲ ಅನ್ನೋದೊಂದು ಬಾಯಿಗೆ ಬರಬೇಕು."

ತಿಂಗಳು ಮುಗಿಯಲು ಮೂರು ದಿನ ಉಳಿದಿರುವಾಗ, ಗೇಟಿನಲ್ಲಿಯೇ ಅವನ ಎದೆ ನಿಂತಿತು.

ಮರುದಿನ ಬೆಳಿಗ್ಗೆ, ಕೆಲಸಗಾರರೆಲ್ಲ ಕಡೆಯ ಸಲ ನೋಡಲಿ ಎಂದು ಮ್ಯಾನೇಜರು ಶವದ ಗಾಡಿಯನ್ನು ಕಾರ್ಖಾನೆಯ ಅಂಗಳಕ್ಕೆ ತರಲು ಹೇಳಿದ್ದರು. ನಾನೂ ತಮ್ಮನ ಹೆಂಡತಿಯೂ ಚಾಲಕನ ಪಕ್ಕದಲ್ಲಿದ್ದೆವು. ಗಾಡಿ ಗೇಟಿಗೆ ಬಂತು. ಅಡ್ಡಕಂಬ ಕೆಳಗೇ ಇತ್ತು. ರಜೆ ಬೇಡವೆಂದು ಹಟ ಹಿಡಿದು ಕೆಲಸಕ್ಕೆ ಬಂದಿದ್ದ ಬೆಣ್ಣೆ ರಿಜಿಸ್ಟರ್ ಹಿಡಿದು ಹತ್ತಿರ ಬಂದ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಗಾಡಿಯ ನಂಬರ್ ಬರೆದುಕೊಂಡ. ಯಾರನ್ನು ಕಾಣಬೇಕು ಎಂದು ಚಾಲಕನನ್ನು ಕೇಳಿದ.

"ನಾವು ಯಾರನ್ನೂ ಕಾಣಬೇಕಿಲ್ಲಪ್ಪ," ಎಂದ ಚಾಲಕ. "ಒಳಗಿರೋರು ಇವರನ್ನ ಕಾಣಬೇಕಂತೆ."

ಬೆಣ್ಣೆ ಅದನ್ನೂ ಬರೆದುಕೊಂಡು, ಚೀಟಿ ಕೇಳಿದ. ಚೀಟಿ ಇರಲಿಲ್ಲ. ಮ್ಯಾನೇಜರು ಬರೆಯಲು ಮರೆತಿದ್ದರು. ಒಳಗಿನಿಂದ ಅವರೇ ಓಡಿಬಂದು, ತೆಗೆಯಯ್ಯ, ನಾನೇ ಹೇಳುತ್ತಿದ್ದೇನಲ್ಲ ಎಂದರು. ಸಂಬಂಧಿಕರು ಹಿಂದಿನ ಕಾರಿನಿಂದಿಳಿದು ಒಬ್ಬೊಬ್ಬರಾಗಿ ಬೈಯತೊಡಗಿದರು. ಬೆಣ್ಣೆ ಅಕ್ಕನಿಗೆ ಬಿಸಿಲು ತಾಗದಂತೆ ಕಿಟಕಿಗೆ ಕೊಡೆ ಹಿಡಿದ, ನನಗೆ ನೀರು ಕೊಟ್ಟ, ಚಾಲಕನಿಗೂ ಕೊಟ್ಟ. ಆಮೇಲೆ ಮ್ಯಾನೇಜರ ಕಡೆ ತಿರುಗಿದ.

"ಆಗಲ್ಲ ಸಾರ್," ಎಂದ. "ತಪ್ಪು ತಿಳ್ಕೋಬೇಡಿ. ಚೀಟಿ ಇಲ್ಲದೆ ಬಿಟ್ರೆ ಭಾವನಿಗೇ ಹಿಡಿಸಲ್ಲ."

ಆಗ ನನ್ನ ಪಕ್ಕದಲ್ಲಿ ಏನೋ ಕುಲುಕಿದಂತಾಯಿತು. ತಮ್ಮನ ಹೆಂಡತಿ ಅಳುತ್ತಿದ್ದಾಳೆಂದು ನೋಡಿದರೆ, ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

"ನೋಡಿ ಭಾವ," ಎಂದಳು, "ಇವರನ್ನೇ ಹಿಡಿದು ನಿಲ್ಲಿಸಿಬಿಟ್ಟ."

ನನಗೂ ತಡೆಯಲಾಗಲಿಲ್ಲ. ಚಾಲಕ ಸ್ಟೀರಿಂಗಿಗೆ ಹಣೆ ಹಚ್ಚಿ ನಕ್ಕ. ಬೈಯುತ್ತಿದ್ದ ಸಂಬಂಧಿಕರು ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ಗೇಟಿನಾಚೆ ಸಾಲಾಗಿ ನಿಂತಿದ್ದ ಕೆಲಸಗಾರರಿಗೂ ಅದು ಹಬ್ಬಿತು. ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ನಕ್ಕೆವು. ಯಾವುದು ನಗೆಯ ನೀರು, ಯಾವುದು ಅಳುವಿನದು ಎಂದು ಕೇಳಿದರೆ ನಾನು ಹೇಳಲಾರೆ. ಬೆಣ್ಣೆಯೊಬ್ಬನೇ ನಗಲಿಲ್ಲ, ಕೊಡೆಯನ್ನೂ ಇಳಿಸಲಿಲ್ಲ.

ಮ್ಯಾನೇಜರು ಅಲ್ಲೇ ಗೋಡೆಗೆ ಕಾಗದ ಒತ್ತಿ ಚೀಟಿ ಬರೆದು ಕೊಟ್ಟರು. ನಾಳೆ ಬಂದು ಕಾಯಂ ಕಾಗದಕ್ಕೆ ಸಹಿ ಹಾಕು ಎಂದರು. ಬೆಣ್ಣೆ ತಲೆಯಾಡಿಸಿ, ಚೀಟಿಯನ್ನು ಎರಡು ಸಲ ಓದಿ ಅಡ್ಡಕಂಬ ಎತ್ತಿದ. ಗಾಡಿ ಒಳಗೆ ಸರಿಯುವಾಗ ಸೆಟೆದು ನಿಂತು ಸಲಾಮು ಹೊಡೆದ.

ದೇವರೇ, ನನ್ನ ತಮ್ಮ ಹೊತ್ತಿಗೆ ಸರಿಯಾಗಿ ನಿನ್ನನ್ನು ನೆನೆಯಲು ಬಿಡುವಿಲ್ಲದೆ ದುಡಿದವನು. ಅದನ್ನು ಮನ್ನಿಸು. ನಿಂತು ನಿಂತು ಅವನ ಕಾಲುಗಳು ಬಹಳ ಬಾತುಕೊಂಡಿದ್ದವು. ನಿನ್ನ ಬಳಿ ಅವನನ್ನು ಕೂರಿಸಿಕೋ, ಅವನ ಆತ್ಮಕ್ಕೆ ಶಾಂತಿ ಕೊಡು.