ಗಗನಗಾವಲು

ನಾನು ಒಂದು ಕಂಪ್ಯೂಟರ್ ಆಟ. ಹೆಸರು ಗಗನಗಾವಲು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಝೆರಾಕ್ಸ್ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಹುಟ್ಟಿದೆ. ನನ್ನ ಚಿತ್ರಗಳನ್ನೆಲ್ಲ ಬರೆದವಳು ಸುವರ್ಣಾ ಬೆಟಗೇರಿ. ಆ ಚಿತ್ರಗಳು ಎದ್ದು ಓಡಾಡುವಂತೆ ಮಾಡಿದವನು ಅವಳ ಕಾಲೇಜು ಗೆಳೆಯ ಇಮ್ತಿಯಾಜ್ ಸವಣೂರ.

ನನ್ನೊಳಗೆ ಭೂಮಿಯಿಂದ ಬಲು ದೂರದ ಒಂದು ಬಾಹ್ಯಾಕಾಶ ನಿಲ್ದಾಣವಿದೆ. ಅಡುಗೆಯವರು, ಗಿಡ ಬೆಳೆಸುವವರು, ಯಂತ್ರ ರಿಪೇರಿಯವರು ಅಲ್ಲಿ ವಾಸವಾಗಿದ್ದಾರೆ. ಆಡುವವರು ಕಾವಲುಗಾರರಾಗಿ ಕೂತು ಕ್ಯಾಮೆರಾಗಳಲ್ಲಿ ಅವರನ್ನು ನೋಡುತ್ತಿರಬೇಕು. ಆಮ್ಲಜನಕ ಕದಿಯುವವರನ್ನು ಪತ್ತೆ ಹಚ್ಚಬೇಕು. ಬೆರಳು ತೋರಿಸಿದ್ದು ತಪ್ಪಾದರೆ, ಏನೂ ಮಾಡದ ಬಡಪಾಯಿ ನಿಲ್ದಾಣದಿಂದ ಹೊರಬೀಳುತ್ತಾನೆ.

ನಾನಿನ್ನೂ ಅರೆಬೆಂದಿರುವಾಗಲೇ ನನ್ನನ್ನು ಮಾರಾಟಕ್ಕಿಟ್ಟರು. ಈಗ ಅದು ರೂಢಿ. ಕೊಂಡವರು ಆಡುತ್ತಲೇ ಇದು ಬೇಕು, ಅದು ಬೇಡ ಎನ್ನುತ್ತಾರೆ. ಮಾಡಿದವರು ತಿದ್ದುತ್ತ ಹೋಗುತ್ತಾರೆ. ನನ್ನ ವಿಷಯದಲ್ಲಿ ಎಲ್ಲರದೂ ಒಂದೇ ಬೇಡಿಕೆ: ಮಲಗುವ ಕೋಣೆಗಳಿಗೂ ಕ್ಯಾಮೆರಾ ಬೇಕು.

"ಬ್ಯಾಡೋ, ಅಲ್ಲೇನ್ ನೋಡೂದೈತಿ?" ಎಂದಳು ಸುವರ್ಣಾ.

"ಇದು ಆಟ ಅಲ್ಲೇನ? ಅವರೇನ್ ಖರೇ ಮಂದೀನ?" ಎಂದ ಇಮ್ತಿಯಾಜ್.

ಕೊನೆಗೆ ಅವಳೇ ಆ ಕೋಣೆಗಳನ್ನು ಬರೆದಳು. ನನ್ನನ್ನು ಕೊಳ್ಳುವವರು ಹೆಚ್ಚಾದರು.

ಅವರಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಈರಣ್ಣ ಮುನವಳ್ಳಿಯೂ ಒಬ್ಬ. ಸಂಜೆ ನನ್ನೆದುರು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಒಂದು ದಿನ ಅವನ ಕಂಪ್ಯೂಟರಿನ ಪರದೆಯ ಮೇಲೆ ನನ್ನ ಪಕ್ಕಕ್ಕೇ ಇನ್ನೊಂದು ಕಿಟಕಿ ತೆರೆದುಕೊಂಡಿತು. ಅದರಲ್ಲಿ ಅವನದೇ ಮನೆ: ಪಡಸಾಲೆ, ಅಡುಗೆಮನೆ, ಮಗಳು ವಿದ್ಯಾಶ್ರೀಯ ಕೋಣೆ. ಅವಳು ಗೋಡೆಗೆ ಮುಖ ಮಾಡಿ, ಫೋನಿನಲ್ಲಿ ಮೆಲ್ಲಗೆ ನಗುತ್ತಿದ್ದಳು.

ಮರುದಿನದಿಂದ ಅವಳ ಕಾಲೇಜು ನಿಂತಿತು.

"ಅಪ್ಪಾಜಿ, ಫೋನಿನ್ಯಾಗ ಇದ್ದಾಕಿ ನನ್ನ ಗೆಳತಿ ರೀ. ಬೇಕಾದ್ರ ಫೋನ್ ಹಚ್ಚಿ ಕೇಳ್ರಿ," ಎಂದು ಅವಳು ಅತ್ತದ್ದು ನನಗೂ ಕೇಳಿಸಿತು. ಈರಣ್ಣ ನನ್ನನ್ನು ಮಾಡಿದವರಿಗೆ ಸಂತೋಷದಿಂದ ಬರೆದ: ನಿಮ್ಮ ಆಟ ನೋಡಿ ಮನೆಗೂ ಕ್ಯಾಮೆರಾ ಹಾಕಿಸಿದೆ, ಕದ್ದು ಫೋನಿನಲ್ಲಿ ಮಾತಾಡುವ ಮಗಳನ್ನು ಹಿಡಿದೆ, ನಿಮ್ಮ ಉಪಕಾರ ದೊಡ್ಡದು.

ಸುವರ್ಣಾ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ, "ಮಲಗೂ ಕೋಣಿ ಕ್ಯಾಮೆರಾ ತೆಗೀಬೇಕು," ಎಂದಳು.

"ತೆಗದ್ರ ಮುಳುಗ್ತೀವಿ."

"ಮುಳುಗೂಣು."

ಇಮ್ತಿಯಾಜ್ ಕೆಳಗಿಳಿದು ಹೋದ. ಬಹಳ ಹೊತ್ತಿನ ಮೇಲೆ ಬಂದು ಕೀಲಿಮಣೆಯ ಮುಂದೆ ಕೂತ. "ಬರೇ ಕ್ಯಾಮೆರಾ ತೆಗದ್ರ ಸಾಲಂಗಿಲ್ಲ. ನೀ ಆ ಕೋಣಿಗೆ ಬಾಗಿಲಾ ಬರಿ," ಎಂದ.

ಸುವರ್ಣಾ ಈರಣ್ಣನಿಗೂ ಬರೆದಳು, ಮಗಳನ್ನು ಕಾಲೇಜಿಗೆ ಕಳಿಸಿ ಎಂದು. ನಿಮ್ಮ ಆಟ ನೀವು ನೋಡಿಕೊಳ್ಳಿ ಎಂಬ ಉತ್ತರ ಬಂತು.

ಮಲಗುವ ಕೋಣೆಗಳಿಂದ ಕ್ಯಾಮೆರಾ ಹೋಗಿ ಬಾಗಿಲು ಬಂದ ಮೇಲೆ ಮಂದಿ ನಮ್ಮನ್ನು ವಾಚಾಮಗೋಚರ ಬೈದರು. ಹೊಸಬರು ಕೊಳ್ಳುವುದನ್ನು ಬಿಟ್ಟರು. ಈರಣ್ಣನೂ ನನ್ನನ್ನು ತೆರೆಯುವುದನ್ನು ಕಡಿಮೆ ಮಾಡಿದ.

ಒಂದು ಮಧ್ಯಾಹ್ನ ವಿದ್ಯಾಶ್ರೀ ಅಪ್ಪನ ಕುರ್ಚಿಯಲ್ಲಿ ಕೂತು ನನ್ನನ್ನು ತೆರೆದಳು. ಗಿಡ ಬೆಳೆಸುವ ಹೆಂಗಸು ಕೆಲಸ ಮುಗಿಸಿ ತನ್ನ ಕೋಣೆಗೆ ನಡೆಯುವುದನ್ನೇ ನೋಡುತ್ತಿದ್ದಳು. ಬಾಗಿಲು ಮುಚ್ಚಿತು.

"ಅವ್ವಾ, ನೋಡಿಲ್ಲೆ. ಇಕಿ ಬಾಗಿಲಾ ಹಾಕ್ಕೊಂಡ್ಳು!"

ತಾಯಿ ಮಹಾದೇವಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನನ್ನ ಪಕ್ಕದ, ಮನೆಯ ಕ್ಯಾಮೆರಾಗಳ ಕಿಟಕಿಯಲ್ಲಿ ಅವಳು ಕಾಣಿಸಿಕೊಂಡಳು. ಮಗಳ ಕೋಣೆಯಲ್ಲಿ ಸ್ಟೂಲು ಹತ್ತಿ ಕ್ಯಾಮೆರಾಕ್ಕೆ ಕೈಚಾಚಿದ್ದಳು. ವೈರು ಕಿತ್ತು ಬಂತು. ಆ ಚೌಕ ಕಪ್ಪಾಯಿತು.

ಸಂಜೆ ಈರಣ್ಣ ಕೂಗಾಡಿದ. "ನಾನ ಕಿತ್ತೀನ್ರಿ," ಎಂದಳು ಮಹಾದೇವಿ. "ನಾಳಿಂದ ಆಕಿ ಕಾಲೇಜಿಗೆ ಹೋಗ್ತಾಳ."

ಮರುದಿನ ಪಡಸಾಲೆಯ ಕ್ಯಾಮೆರಾದಲ್ಲಿ ವಿದ್ಯಾಶ್ರೀ ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದ್ದು ಕಂಡಿತು. ಆ ಮನೆಯಲ್ಲಿ ನಾನು ಕಂಡದ್ದು ಅದೇ ಕೊನೆ. ಈರಣ್ಣ ನನ್ನನ್ನು ಅಳಿಸಿಹಾಕಿದ.

ಇಮ್ತಿಯಾಜ್ ಈಗ ಬೆಳಗಾವಿಯಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಸುವರ್ಣಾ ಧಾರವಾಡದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ನಾನು ಮುಗಿಯದೆಯೇ ಮುದಿಯಾದೆ. ಅವಳ ಹಳೆಯ ಕಂಪ್ಯೂಟರಿನ ಮೂಲೆಯಲ್ಲಿ ನನ್ನ ನಿಲ್ದಾಣದ ಮಂದಿ ಈಗಲೂ ದುಡಿಯುತ್ತಾರೆ, ಉಣ್ಣುತ್ತಾರೆ, ತಮ್ಮ ತಮ್ಮ ಕೋಣೆ ಸೇರುತ್ತಾರೆ. ನೋಡುವುದಕ್ಕೆಂದೇ ಹುಟ್ಟಿದ ನನಗೆ, ಒಳಗೆ ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ತಿಳಿಯಬೇಕೆಂಬ ಆಸೆಯೂ ಇಲ್ಲ.